ಅಮ್ಮನಿಗೆ ನಾಲ್ಕು ಡಾಕ್ಟರ್, ಹನ್ನೊಂದು ಮಾತ್ರೆ. ಎಲ್ಲವನ್ನೂ ಒಟ್ಟಿಗೆ ನೋಡುವವರು ಯಾರು?

ತಿಪಟೂರು_ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 76 ವರ್ಷ. ತಿಪಟೂರು ಹತ್ತಿರದ ಊರಲ್ಲಿ ಅಪ್ಪನ ಜೊತೆ ಇದ್ದಾರೆ. ನಾನು ಬೆಂಗಳೂರಲ್ಲಿ. ಬಿಡುವಾದಾಗಲೆಲ್ಲ ಹೋಗಿ ಬರುತ್ತೇನೆ.

ಶುಗರ್ ಬಂದು ತುಂಬಾ ವರ್ಷ ಆಯಿತು. ಆಮೇಲೆ ಬಿಪಿ, ಥೈರಾಯ್ಡ್, ಮಂಡಿ ನೋವು ಒಂದೊಂದಾಗಿ ಸೇರಿಕೊಂಡವು. ಶುಗರ್‌ಗೆ ಒಬ್ಬ ಡಾಕ್ಟರ್, ಬಿಪಿಗೆ ಇನ್ನೊಬ್ಬರು, ಮೂಳೆಗೆ ಮತ್ತೊಬ್ಬರು. ತಲೆಸುತ್ತು ಶುರುವಾದ ಮೇಲೆ ನಾಲ್ಕನೆಯವರು. ಈಗ ದಿನಕ್ಕೆ ಹನ್ನೊಂದು ತರಹದ ಮಾತ್ರೆ. ಚೀಟಿ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ: ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿಗೆ ಟೆಲ್ಮಿಸಾರ್ಟನ್, ಅಮ್ಲೋಡಿಪಿನ್ 10, ಕಾಲು ಊತಕ್ಕೆ ಟಾರ್ಸೆಮೈಡ್, ಮಂಡಿಗೆ ಅಸೆಕ್ಲೋಫೆನಾಕ್, ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸ್‌ಗೆ ಪ್ಯಾಂಟೊಪ್ರಜೋಲ್, ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್, ತಲೆಸುತ್ತಿಗೆ ಪ್ರೊಕ್ಲೋರ್‌ಪೆರಜಿನ್.

ಬೆಳಗಿನ ಜಾವ ಎದ್ದರೆ ತಲೆ ಸುತ್ತುತ್ತದೆ ಅನ್ನುತ್ತಾರೆ. ಹೋದ ವಾರ ಬಚ್ಚಲುಮನೆ ಬಾಗಿಲಲ್ಲಿ ಬಿದ್ದರು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ರಿಪೋರ್ಟ್ ನೋಡಿದರೆ ಎಲ್ಲ ಚೆನ್ನಾಗಿದೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.2. ಆದರೆ ಅಮ್ಮ ಚೆನ್ನಾಗಿಲ್ಲ. ದಿನವಿಡೀ ಸುಸ್ತು, ಮಂಕು.

ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ತಿರುಗಿಸಿಯೂ ನೋಡುವುದಿಲ್ಲ. ಇದನ್ನೆಲ್ಲ ಒಟ್ಟಿಗೆ ನೋಡಿ ಹೇಳುವವರು ಯಾರು? ನಿಮ್ಮ ಮನೆಯಲ್ಲಿ ಹೇಗೆ ನಿಭಾಯಿಸುತ್ತಿದ್ದೀರಿ?

ಕಾಡುಮಲ್ಲಿಗೆ

ನಮ್ಮ ಮಾವನದೂ ಇದೇ ಕಥೆ. ಮಾತ್ರೆ ಡಬ್ಬಿ ನೋಡಿದರೆ ಅರ್ಧ ಮೆಡಿಕಲ್ ಶಾಪ್ ಮನೆಗೆ ಬಂದಿದೆ ಅನ್ನಿಸುತ್ತದೆ. ಈ ಚರ್ಚೆ ನಾನೂ ಓದುತ್ತಿರುತ್ತೇನೆ.

ದಾವಣಗೆರೆ_ಫಾರ್ಮಸಿಸ್ಟ್

ಮೇಡಂ, ನಾನು ಡಾಕ್ಟರ್ ಅಲ್ಲ. ಔಷಧಿ ಅಂಗಡಿ ಇಟ್ಟುಕೊಂಡು ಬಹಳ ವರ್ಷ ಆಯಿತು. ನಿಮ್ಮ ಪಟ್ಟಿ ಓದಿದಾಗ ಒಂದು ಸರಪಳಿ ಕಾಣಿಸುತ್ತಿದೆ. ನಿಮ್ಮ ಅಮ್ಮನಿಗೆ ಹೀಗೇ ಆಗಿದೆ ಅಂತ ನಾನು ಹೇಳಲಾರೆ. ಆದರೆ ಇದೇ ಕ್ರಮದಲ್ಲಿ ಚೀಟಿಗಳು ನಮ್ಮ ಕೌಂಟರ್‌ಗೆ ದಿನಾ ಬರುತ್ತವೆ.

ಮಂಡಿ ನೋವಿಗೆ ಅಸೆಕ್ಲೋಫೆನಾಕ್ ಶುರುವಾಗುತ್ತದೆ. ಈ ಜಾತಿಯ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ. ಬಿಪಿ ಏರಿತು ಅಂತ ಅಮ್ಲೋಡಿಪಿನ್ 5ರಿಂದ 10ಕ್ಕೆ ಹೋಗುತ್ತದೆ. 10 ಮಿಲಿಗ್ರಾಂನಲ್ಲಿ ಬಹಳ ಜನರಿಗೆ ಕಾಲು ಊದುತ್ತದೆ. ಊತಕ್ಕೆ ನೀರು ಹೋಗುವ ಮಾತ್ರೆ. ಅದರಿಂದ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕು, ಎದ್ದು ನಿಂತಾಗ ಬಿಪಿ ಸರ್ರನೆ ಇಳಿಯುತ್ತದೆ, ತಲೆ ಸುತ್ತುತ್ತದೆ. ತಲೆಸುತ್ತಿಗೆ ಇನ್ನೊಂದು ಮಾತ್ರೆ. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ನೀರು ಸುರಿದು, ನೀರಾಯಿತು ಅಂತ ಹುಳಿ ಹಿಂಡುತ್ತಾ ಹೋದ ಹಾಗೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಟೆಲ್ಮಿಸಾರ್ಟನ್ ತರಹದ ಬಿಪಿ ಮಾತ್ರೆ, ನೀರು ಹೋಗುವ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಬೇಸಿಗೆಯಲ್ಲಿ, ಇಲ್ಲವೇ ವಾಂತಿ ಭೇದಿ ಆದಾಗ ಅಪಾಯ ಇನ್ನೂ ಜಾಸ್ತಿ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಯಾವಾಗ ಮಾಡಿಸಿದ್ದೀರಿ? ಸೋಡಿಯಂ, ಪೊಟ್ಯಾಸಿಯಂ?

ಥೈರಾಯ್ಡ್ ಮಾತ್ರೆಯನ್ನೂ ಕ್ಯಾಲ್ಸಿಯಂ ಅನ್ನೂ ಬೆಳಗ್ಗೆ ಒಟ್ಟಿಗೆ ಕೊಡುತ್ತಿದ್ದೀರಾ? ಕ್ಯಾಲ್ಸಿಯಂ ಇದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಾಲ್ಕು ಗಂಟೆ ಅಂತರ ಬೇಕು. ಕಾಫಿಯೂ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು.

ದಯವಿಟ್ಟು ನೀವೇ ಯಾವುದನ್ನೂ ನಿಲ್ಲಿಸಬೇಡಿ. ಹನ್ನೊಂದನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಒಬ್ಬ ಒಳ್ಳೆಯ ಜನರಲ್ ಫಿಸಿಶಿಯನ್ ಹತ್ತಿರ ಹೋಗಿ. ಚೀಟಿ ಅಲ್ಲ, ಮಾತ್ರೆಗಳನ್ನೇ ತೆಗೆದುಕೊಂಡು ಹೋಗಿ. "ಇದರಲ್ಲಿ ಯಾವುದು ಇನ್ನೂ ಬೇಕು, ಯಾವುದು ಬೇಡ?" ಅಂತ ನೇರವಾಗಿ ಕೇಳಿ.

ನಾಟಿವೈದ್ಯ_ಪ್ರೇಮಿ

ಇಷ್ಟೆಲ್ಲ ಯಾಕೆ? ಇಂಗ್ಲಿಷ್ ಮಾತ್ರೆ ಎಲ್ಲ ಬಿಟ್ಟು ಬೆಳಗ್ಗೆ ಹಾಗಲಕಾಯಿ ರಸ, ರಾತ್ರಿ ನೆನೆಸಿದ ಮೆಂತ್ಯ ಕೊಡಿ. ಮೂರು ತಿಂಗಳಲ್ಲಿ ಶುಗರ್ ಇರುವುದಿಲ್ಲ.

ಸಿಸ್ಟರ್_ಹಾಸನ

ಸರ್, ಕೋಪ ಮಾಡಿಕೊಳ್ಳಬೇಡಿ, ಆದರೆ ಈ ಮಾತು ಅಪಾಯ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ನಿವೃತ್ತಿಯಾದವಳು ನಾನು. ಮಾತ್ರೆ ಬಿಟ್ಟು ಶುಗರ್ 500 ದಾಟಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ಮಾತ್ರೆಯ ಜೊತೆಗೇ ಹಾಗಲಕಾಯಿ ರಸ ಕುಡಿದು ಶುಗರ್ ಇಳಿದು ಪ್ರಜ್ಞೆ ತಪ್ಪಿ ಬಂದವರನ್ನೂ ನೋಡಿದ್ದೇನೆ. ಮೆಂತ್ಯ, ಹಾಗಲಕಾಯಿ ಅಡುಗೆಯಲ್ಲಿ ಇರಲಿ, ಒಳ್ಳೆಯದೇ. ಔಷಧಿಯ ಜಾಗಕ್ಕೆ ಬೇಡ.

ತಿಪಟೂರು ಮಗಳೇ, ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ 6.2. ನಲವತ್ತು ವರ್ಷದವರಿಗೆ ಅದು ಸಂತೋಷದ ಸುದ್ದಿ. 76ರ ವಯಸ್ಸಲ್ಲಿ, ಗ್ಲಿಮೆಪಿರೈಡ್ ಇರುವಾಗ, ದಿನವಿಡೀ ಸುಸ್ತು ಮಂಕು ಇರುವಾಗ ನನಗೆ ಭಯ ಆಗುತ್ತದೆ. ಆ ಮಾತ್ರೆ ಊಟ ಕಡಿಮೆಯಾದರೂ ಶುಗರ್ ಇಳಿಸುತ್ತಲೇ ಇರುತ್ತದೆ. ವಯಸ್ಸಾದವರಿಗೆ, ಅದರಲ್ಲೂ ನಾಲ್ಕಾರು ಕಾಯಿಲೆ ಇರುವವರಿಗೆ, ಎಚ್‌ಬಿಎ1ಸಿ 7.5, 8ರ ಒಳಗಿದ್ದರೆ ಸಾಕು ಅಂತ ಡಾಕ್ಟರುಗಳೇ ಹೇಳುತ್ತಾರೆ. ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಅದು ಲೋ. ವಯಸ್ಸಾದವರಲ್ಲಿ ಬೆವರು, ನಡುಕ ಕಾಣಿಸದೇ ಇರಬಹುದು. ಸುಮ್ನೆ ಮಂಕಾಗುತ್ತಾರೆ, ತಡವರಿಸಿ ಮಾತಾಡುತ್ತಾರೆ, ಬೀಳುತ್ತಾರೆ. ಮನೆಯವರು ವಯಸ್ಸಾಯಿತು ಅಂದುಕೊಳ್ಳುತ್ತಾರೆ.

ಎರಡು ಕೆಲಸ ಮಾಡಿ. ಕೆಲವು ದಿನ ಬೆಳಗಿನ ಜಾವ ಎದ್ದಾಗ ಗ್ಲುಕೋಮೀಟರ್‌ನಲ್ಲಿ ಶುಗರ್ ನೋಡಿ ಬರೆದಿಡಿ. ಜೊತೆಗೆ ಬಿಪಿಯನ್ನು ಮೂರು ಸಲ ನೋಡಿ. ಐದು ನಿಮಿಷ ಮಲಗಿಸಿ ಒಂದು ಸಲ. ಎದ್ದು ನಿಂತ ಮೇಲೆ ಒಂದು ನಿಮಿಷಕ್ಕೆ ಇನ್ನೊಮ್ಮೆ, ಮೂರು ನಿಮಿಷಕ್ಕೆ ಮತ್ತೊಮ್ಮೆ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತಿಗೆ ಕಾರಣ ಅಲ್ಲೇ ಇರಬಹುದು. ಆ ಚೀಟಿ ಡಾಕ್ಟರ್ ಕೈಗೆ ಕೊಡಿ. ಆಸ್ಪತ್ರೆಯಲ್ಲಿ ಎಲ್ಲರಿಗೂ ಕೂರಿಸಿಯೇ ಬಿಪಿ ನೋಡುತ್ತಾರೆ, ಇದು ಸಿಗುವುದೇ ಇಲ್ಲ.

ದಾವಣಗೆರೆ_ಫಾರ್ಮಸಿಸ್ಟ್

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪ್ರೊಕ್ಲೋರ್‌ಪೆರಜಿನ್ ನಾಲ್ಕು ದಿನದ ಮಾತ್ರೆ. ವಾಂತಿ, ತಲೆಸುತ್ತು ಜೋರಾಗಿದ್ದಾಗ ಕೊಡುತ್ತಾರೆ. ಜನ ಅದನ್ನೇ ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ವಯಸ್ಸಾದವರಿಗೆ ಅದರಿಂದ ಕೈ ನಡುಗುವುದು, ನಡಿಗೆ ನಿಧಾನವಾಗುವುದು, ಪಾರ್ಕಿನ್ಸನ್ ಕಾಯಿಲೆಯ ತರಹವೇ ಆಗಬಹುದು. ತಲೆಸುತ್ತಿಗೇ ಕೊಡುವ ಇನ್ನೊಂದು ಮಾತ್ರೆ ಸಿನ್ನರಿಜಿನ್‌ನಿಂದಲೂ ಹೀಗೆ ಆಗಬಹುದು. ಆಮೇಲೆ ನಡುಕಕ್ಕೆ ಅಂತ ಹನ್ನೆರಡನೇ ಮಾತ್ರೆ ಬರುತ್ತದೆ. ಇದನ್ನು ಮೊದಲು ಕೇಳಿ.

ಸಾಗರದ_ಮೇಷ್ಟ್ರು

ನನಗೆ 79. ನಾನೇ ರೋಗಿ, ಆದ್ದರಿಂದ ಇಲ್ಲಿ ಮಾತಾಡುವ ಹಕ್ಕು ಇದೆ ಅಂದುಕೊಳ್ಳುತ್ತೇನೆ.

ಇಷ್ಟು ಉತ್ತರ ಓದಿದೆ. ಅಮ್ಮನಿಗೆ ಏನು ಬೇಕು ಅಂತ ಒಬ್ಬರೂ ಕೇಳಲಿಲ್ಲ. ಡಾಕ್ಟರ್ ರೂಮಿಗೆ ಹೋದರೆ ನನ್ನ ಎದುರಿಗೇ ನನ್ನ ಮಗನನ್ನು ಕೇಳುತ್ತಾರೆ: "ರಾತ್ರಿ ನಿದ್ದೆ ಮಾಡುತ್ತಾರಾ?" ನಾನು ಅಲ್ಲೇ ಕೂತಿರುತ್ತೇನೆ! ಮೂವತ್ತು ವರ್ಷ ಪಾಠ ಹೇಳಿದವನು, ನನ್ನ ನಿದ್ದೆಯ ಬಗ್ಗೆ ನಾನೇ ಹೇಳಬಲ್ಲೆ.

ನನಗೆ ಹಾರ್ಟ್ ತೊಂದರೆ ಇದೆ, ಶುಗರ್ ಇದೆ, ಪ್ರಾಸ್ಟೇಟ್ ಇದೆ. ಈ ವಯಸ್ಸಲ್ಲಿ ಇವು ವಾಸಿಯಾಗುವ ಕಾಯಿಲೆ ಅಲ್ಲ, ಜೊತೆಗೆ ಇಟ್ಟುಕೊಂಡು ಬಾಳುವುದು. ಹಾಗಿದ್ದ ಮೇಲೆ ಯಾವುದಕ್ಕಾಗಿ ಬಾಳುವುದು ಅಂತ ನಾನೇ ಹೇಳಬೇಕಲ್ಲವೇ? ನಾನು ನಮ್ಮ ಡಾಕ್ಟರಿಗೆ ಹೇಳಿದ್ದು ಎರಡೇ. ಒಂದು, ಸಂಜೆ ನಾನೇ ನಡೆದು ಲೈಬ್ರರಿಗೆ ಹೋಗಬೇಕು. ಎರಡು, ತಲೆ ಚುರುಕಾಗಿರಬೇಕು. ಶುಗರ್ ಸ್ವಲ್ಪ ಹೆಚ್ಚು ಇದ್ದರೂ ಪರವಾಗಿಲ್ಲ. ಅವರು ಅದನ್ನು ಬರೆದುಕೊಂಡು ಅದಕ್ಕೆ ತಕ್ಕ ಹಾಗೆ ಮಾತ್ರೆ ಬದಲಿಸಿದರು. ಪ್ರಾಸ್ಟೇಟ್ ಮಾತ್ರೆಯಿಂದಲೂ ನಿಂತಾಗ ಬಿಪಿ ಇಳಿಯುತ್ತದೆ ಅಂತ ಹೇಳಿ ಅದನ್ನು ರಾತ್ರಿ ಮಲಗುವ ಹೊತ್ತಿಗೆ ಹಾಕಿದರು. ಮಲಗುವ ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂತು ಕಾಲು ಆಡಿಸಿಯೇ ಏಳಬೇಕು ಅಂದರು.

ಮಗಳೇ, ಮುಂದಿನ ಸಲ ಊರಿಗೆ ಹೋದಾಗ ಅಮ್ಮನನ್ನೇ ಕೇಳಿ.

ಮಂಡ್ಯದ_ಗೌಡ

ಮೇಷ್ಟ್ರೇ ಸರಿಯಾಗಿ ಹೇಳಿದಿರಿ. ಆದರೆ ಮೂಲ ಊಟ ರೀ. ಅನ್ನ ಬಿಟ್ಟು ಮೂರು ಹೊತ್ತು ರಾಗಿ ಕೊಡಿ. ನಮ್ಮ ಅಜ್ಜಿ ಮುದ್ದೆ ತಿಂದು ತೊಂಬತ್ತು ದಾಟಿದರು, ಶುಗರ್ ಅನ್ನುವ ಮಾತೇ ಇರಲಿಲ್ಲ.

ಊಟ_ಪಾಠ

ಗೌಡ್ರೇ, ನಿಮ್ಮ ಅಜ್ಜಿ ಮುದ್ದೆ ತಿಂದು ಗದ್ದೆಯಲ್ಲಿ ದುಡಿದರು. ಅದೂ ಲೆಕ್ಕಕ್ಕೆ ಬರಬೇಕು.

ನಾನು ಡಯಟಿಷಿಯನ್. ರಾಗಿ ಒಳ್ಳೆಯದು, ಅನುಮಾನವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ಏನೇನೂ ಇಲ್ಲ. ನಾರಿನಂಶವೂ ಜಾಸ್ತಿ. ಆದರೆ ಪಿಷ್ಟ ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಇದೆ. ದೊಡ್ಡ ಮುದ್ದೆ ಎರಡು ತಿಂದರೆ ಶುಗರ್ ಏರಿಯೇ ಏರುತ್ತದೆ. ಇನ್ನು ರಾಗಿ ಗಂಜಿ! ಹಲ್ಲಿಲ್ಲದವರಿಗೆ ಅಂತ ನುಣ್ಣಗೆ ಬೀಸಿ ತೆಳ್ಳಗೆ ಕುದಿಸಿ ಬೆಲ್ಲ ಹಾಕಿ ಕೊಡುತ್ತಾರೆ. ಅದು ಬೇಗ ಜೀರ್ಣವಾಗಿ ಶುಗರ್ ಸರಸರನೆ ಏರಿಸುತ್ತದೆ. ಚಿಕ್ಕ ಮುದ್ದೆ, ಜೊತೆಗೆ ಜಾಸ್ತಿ ಸೊಪ್ಪಿನ ಸಾರು, ಕಾಳು, ಹಾಗೆ ಕೊಡಿ.

ವಯಸ್ಸಾದವರಲ್ಲಿ ನಾನು ನೋಡುವ ದೊಡ್ಡ ತೊಂದರೆ ಜಾಸ್ತಿ ತಿನ್ನುವುದಲ್ಲ, ಕಡಿಮೆ ತಿನ್ನುವುದು. ಶುಗರ್ ಅಂತ ಅನ್ನ ಬಿಡಿಸುತ್ತಾರೆ, ಬಿಪಿ ಅಂತ ಉಪ್ಪು ಬಿಡಿಸುತ್ತಾರೆ, ಕೊಲೆಸ್ಟ್ರಾಲ್ ಅಂತ ಮೊಟ್ಟೆ, ಹಾಲು ಬಿಡಿಸುತ್ತಾರೆ. ಕೊನೆಗೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ತೊಡೆಯ ಮಾಂಸ ಕರಗಿ ಕಾಲಲ್ಲಿ ಶಕ್ತಿ ಹೋಗುತ್ತದೆ, ಬೀಳುತ್ತಾರೆ. ಬೇಳೆ, ಮೊಸರು, ಹುರುಳಿಕಾಳು, ತಿನ್ನುವವರಿಗೆ ಮೊಟ್ಟೆ ಮೀನು, ಪ್ರತಿ ಹೊತ್ತಿಗೂ ಏನಾದರೂ ಒಂದು ಇರಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಅಳತೆ ಕೇಳಿಕೊಂಡು ತಿನ್ನಬೇಕು.

ಮಂಡ್ಯದ_ಗೌಡ

ಗಂಜಿ ವಿಷಯ ಗೊತ್ತಿರಲಿಲ್ಲ. ಅಪ್ಪನಿಗೆ ದಿನಾ ಬೆಳಗ್ಗೆ ಅದೇ ಕೊಡುತ್ತಿದ್ದೇವೆ. ಮುದ್ದೆ ಮಾತ್ರ ಬಿಡಲ್ಲ.

ಊಟ_ಪಾಠ

ಬಿಡಬೇಡಿ. ಗಾತ್ರ ಇಳಿಸಿ, ಸಾಕು. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪು ಅಂತ ಮಾರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ದುರ್ಬಲ ಇರುವವರು, ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜಾತಿಯ ಬಿಪಿ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಅದನ್ನು ತರಬೇಡಿ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯ. ಅದರ ಬದಲು ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಕಡಿಮೆ ಮಾಡಿ.

ಡಲ್ಲಾಸ್_ಕನ್ನಡಿಗ

ಅಪ್ಪ ಅಮ್ಮ ಮೈಸೂರಲ್ಲಿ. ನಾನು ಇಲ್ಲಿಂದಲೇ ನೋಡಿಕೊಳ್ಳುತ್ತೇನೆ. ಅಪ್ಪನ ತೋಳಿಗೆ ಶುಗರ್ ಸೆನ್ಸರ್ ಹಾಕಿಸಿದ್ದೇನೆ, ಫೋನಲ್ಲಿ ರೀಡಿಂಗ್ ಬರುತ್ತದೆ. ಹಾಲ್‌ನಲ್ಲಿ ಕ್ಯಾಮೆರಾ ಇದೆ. ಮಾತ್ರೆಗೆ ಅಲಾರಂ ಇದೆ. ಇವಿಷ್ಟು ಮಾಡಿದರೆ ದೂರದಲ್ಲಿದ್ದರೂ ಆರಾಮಾಗಿ ನಿಭಾಯಿಸಬಹುದು. ತಿಪಟೂರು ಮಗಳು ಅವರೂ ಇದನ್ನು ಯೋಚಿಸಬಹುದು.

ಸೊಸೆ_ಶಿರಸಿ

ಡಲ್ಲಾಸ್ ಅಣ್ಣ, ನಿಮ್ಮ ಕಾಳಜಿ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲಾರಂ ಹೊಡೆದಾಗ ಮಾತ್ರೆ ಬಿಡಿಸಿ ಕೈಗೆ ಕೊಡುವವರು ಯಾರು? ಸೆನ್ಸರ್ 60 ತೋರಿಸಿದಾಗ ಸಕ್ಕರೆ ನೀರು ಕುಡಿಸುವವರು ಯಾರು?

ನಮ್ಮ ಮನೆಯಲ್ಲಿ ಅತ್ತೆಗೆ ಶುಗರ್, ಮಾವನಿಗೆ ಪಾರ್ಶ್ವವಾಯು ಆಗಿ ಒಂದು ಕೈ ಬಿದ್ದಿದೆ. ನಾದಿನಿ, ಮೈದುನ ಎಲ್ಲರೂ ಬೇರೆ ಊರಲ್ಲಿ. ಎಲ್ಲರೂ ಫೋನ್ ಮಾಡುತ್ತಾರೆ, ಎಲ್ಲರೂ ಸಲಹೆ ಕೊಡುತ್ತಾರೆ. "ಅತ್ತಿಗೆ, ಅಮ್ಮನಿಗೆ ಅನ್ನ ಕೊಡಬೇಡಿ." "ಅತ್ತಿಗೆ, ಅಪ್ಪನಿಗೆ ವಾಕಿಂಗ್ ಮಾಡಿಸಿ." ಮಳೆಗಾಲದಲ್ಲಿ ಅಂಗಳದ ತುಂಬ ಪಾಚಿ. ಎಲ್ಲಿ ವಾಕಿಂಗ್ ಮಾಡಿಸಲಿ? ಎರಡು ದಿನ ನನ್ನ ತವರಿಗೆ ಹೋಗಿ ಬರುತ್ತೇನೆ ಅಂದರೆ ಒಬ್ಬರೂ ಬರುವುದಿಲ್ಲ.

ಕಾಯಿಲೆಯ ಬಗ್ಗೆ ಮಾತಾಡುವಾಗ ನೋಡಿಕೊಳ್ಳುವವರ ಸೊಂಟ ನೋವು, ನಿದ್ದೆಗೇಡು ಯಾರ ಚೀಟಿಯಲ್ಲೂ ಬರುವುದಿಲ್ಲ. ಬೇಜಾರಲ್ಲಿ ಬರೆದಿದ್ದೇನೆ. ಆದರೆ ಪ್ರತಿ ಮಾತೂ ನಿಜ.

ಡಲ್ಲಾಸ್_ಕನ್ನಡಿಗ

ಅಕ್ಕ, ನಿಮ್ಮ ಮಾತು ನಾಟಿತು. ನಮ್ಮ ಮನೆಯಲ್ಲಿ ಆ ಕೆಲಸ ಮಾಡುತ್ತಿರುವುದು ಅಮ್ಮ. ಅವರಿಗೂ 72. ಹಗಲಿಗೆ ಒಬ್ಬರನ್ನು ಸಂಬಳಕ್ಕೆ ಇಡುವುದಕ್ಕೆ ಅಮ್ಮ ಒಪ್ಪುತ್ತಿಲ್ಲ, ಹೊರಗಿನವರು ಅಡುಗೆಮನೆಗೆ ಬರುವುದು ಬೇಡ ಅನ್ನುತ್ತಾರೆ. ಹೇಗೆ ಒಪ್ಪಿಸಲಿ?

ಸೊಸೆ_ಶಿರಸಿ

ಅಪ್ಪನನ್ನು ನೋಡಿಕೊಳ್ಳಲಿಕ್ಕೆ ಅನ್ನಬೇಡಿ. ನಿಮಗೆ ಪೂಜೆಗೆ, ದೇವಸ್ಥಾನಕ್ಕೆ ಹೋಗಲು ಬೆಳಗ್ಗೆ ಎರಡು ಗಂಟೆ ಬಿಡುವಾಗಲಿ ಅಂತ ಹೇಳಿ. ಅಲ್ಲಿಂದ ಶುರು ಮಾಡಿ.

ಆಶಾ_ಕೋಲಾರ

ನಾನು ಆಶಾ ಕಾರ್ಯಕರ್ತೆ. ಹಳ್ಳಿಯಲ್ಲಿರುವವರಿಗೆ ಒಂದು ಮಾಹಿತಿ. ಗೃಹ ಆರೋಗ್ಯ ಅಂತ ರಾಜ್ಯ ಸರ್ಕಾರದ ಯೋಜನೆ ಇದೆ. 2024ರಲ್ಲಿ ನಮ್ಮ ಕೋಲಾರದಲ್ಲಿ ಶುರುವಾಗಿ 2025ರಲ್ಲಿ ಬೇರೆ ಜಿಲ್ಲೆಗಳಿಗೂ ಬಂತು. 30 ವರ್ಷ ದಾಟಿದವರಿಗೆ ಮನೆ ಬಾಗಿಲಲ್ಲೇ ಬಿಪಿ, ಶುಗರ್ ತಪಾಸಣೆ ಮಾಡುತ್ತೇವೆ. ಬಿಪಿ, ಶುಗರ್ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ನಿಮ್ಮ ಊರಿನ ಆಶಾ ಯಾರು ಅಂತ ಕೇಳಿ ಅವರ ನಂಬರ್ ಇಟ್ಟುಕೊಳ್ಳಿ. ನೀವು ಬೆಂಗಳೂರಲ್ಲಿದ್ದಾಗ ವಾರಕ್ಕೊಮ್ಮೆ ಬಿಪಿ ನೋಡಿ ಹೇಳುವವರು ಹತ್ತಿರದಲ್ಲೇ ಇರುತ್ತಾರೆ.

ಹಿರಿಯರಿಗೆ ತೊಂದರೆ ಇದ್ದರೆ ಎಲ್ಡರ್‌ಲೈನ್ ಸಹಾಯವಾಣಿ 14567. ಸೊಸೆ ಅಕ್ಕ, ಮನಸ್ಸು ಭಾರ ಆದರೆ ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಇಲ್ಲ.

ಹುಬ್ಬಳ್ಳಿ_ಲೆಕ್ಕಿಗ

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ನಮ್ಮ ಅವ್ವನ ಮಾತ್ರೆಗೆ ಪಿಂಚಣಿಯ ದೊಡ್ಡ ಪಾಲು ಹೋಗುತ್ತಿತ್ತು. ಜನೌಷಧಿ ಕೇಂದ್ರಕ್ಕೆ ಬದಲಾಯಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು.

70 ದಾಟಿದವರಿಗೆ ಆಯುಷ್ಮಾನ್ ಕಾರ್ಡ್ ಅಂತ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ತಂದಿತು, ಆದಾಯದ ಮಿತಿ ಇಲ್ಲ, ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಅದು ಆಸ್ಪತ್ರೆಗೆ ಸೇರಿದಾಗ ಮಾತ್ರ. ದಿನದ ಮಾತ್ರೆಗೆ, ಹೊರರೋಗಿ ಖರ್ಚಿಗೆ ಬರುವುದಿಲ್ಲ. ದೀರ್ಘ ಕಾಯಿಲೆಯವರ ಜೇಬು ಖಾಲಿಯಾಗುವುದೇ ಈ ದಿನದ ಖರ್ಚಲ್ಲಿ. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದೆಯೇ ಅಂತ ಮೊದಲೇ ವಿಚಾರಿಸಿ.

ಇನ್ನೊಂದು: ವಿಮೆ ಇಲ್ಲದ ಹಿರಿಯ ನಾಗರಿಕರ ವೈದ್ಯಕೀಯ ಖರ್ಚನ್ನು ವರ್ಷಕ್ಕೆ 50,000 ರೂಪಾಯಿವರೆಗೆ ತೆರಿಗೆ ಹಾಕುವ ಆದಾಯದಿಂದ ಕಳೆಯಬಹುದು, ಹಳೆಯ ತೆರಿಗೆ ಪದ್ಧತಿಯಲ್ಲಿ. ಬಿಲ್ ಎತ್ತಿಡಿ, ನಗದು ಕೊಡಬೇಡಿ.

ಕಾಡುಮಲ್ಲಿಗೆ

ಜನೌಷಧಿ ಮಾತ್ರೆ ಕೆಲಸ ಮಾಡುತ್ತದಾ? ನಮ್ಮ ಕಡೆ ಅದರಲ್ಲಿ ಪವರ್ ಇಲ್ಲ ಅನ್ನುತ್ತಾರೆ.

ದಾವಣಗೆರೆ_ಫಾರ್ಮಸಿಸ್ಟ್

ನನ್ನ ವ್ಯಾಪಾರಕ್ಕೆ ನಷ್ಟವಾದರೂ ಹೇಳುತ್ತೇನೆ, ಬಿಪಿ, ಶುಗರ್, ಕೊಲೆಸ್ಟ್ರಾಲ್‌ನ ಸಾಮಾನ್ಯ ಮಾತ್ರೆಗಳನ್ನು ಅಲ್ಲಿಂದ ತರಬಹುದು. ಬದಲಾಯಿಸಿದ ಮೇಲೆ ಸ್ವಲ್ಪ ದಿನ ಬಿಪಿ, ಶುಗರ್ ನೋಡುತ್ತಿರಿ, ನಿಮಗೇ ಗೊತ್ತಾಗುತ್ತದೆ. ಥೈರಾಯ್ಡ್ ಮಾತ್ರೆ, ಫಿಟ್ಸ್ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್, ಇವನ್ನು ಮಾತ್ರ ಪದೇ ಪದೇ ಕಂಪನಿ ಬದಲಿಸಬೇಡಿ.

ಒಂದು ಗೊಂದಲ ಆಗುತ್ತದೆ. ಹೆಸರು ಬೇರೆ, ಒಳಗಿನ ಔಷಧಿ ಒಂದೇ. ಹಳೆಯ ಮಾತ್ರೆಯ ಸ್ಟ್ರಿಪ್ಪೂ ಮನೆಯಲ್ಲಿ ಉಳಿದಿರುತ್ತದೆ, ಎರಡನ್ನೂ ನುಂಗುತ್ತಾರೆ. ಬದಲಿಸಿದ ದಿನವೇ ಹಳೆಯದನ್ನು ಎತ್ತಿಡಿ.

ಕುಂದಾಪುರ_ಕಡಲು

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದು ಮಾತು. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಿನದು ಒಂದು ಮಿಲಿಗೆ 40 ಯೂನಿಟ್. ಪೆನ್ನಿನದು ಒಂದು ಮಿಲಿಗೆ 100. ಸಿರಿಂಜೂ ಎರಡು ತರಹ, ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಪೆನ್ನು ಕೆಟ್ಟಿತು ಅಂತ ಅದರ ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿಗೆ 20 ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್! ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಹೀಗೇ ಆಗಿ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದರು. ಉಳಿದುಕೊಂಡರು.

ಕಾಲಿನ ಬಗ್ಗೆಯೂ ಹೇಳಬೇಕು. ಶುಗರ್ ಹಳೆಯದಾದರೆ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ. ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಅಂಗಾಲು ಬೊಬ್ಬೆ ಎದ್ದು, ಅದು ವ್ರಣವಾಗಿ ಬೆರಳು ತೆಗೆಸಿಕೊಂಡವರು ಇದ್ದಾರೆ. ಬೆಳಗ್ಗೆಯೇ ದರ್ಶನ ಮುಗಿಸಿ, ದೇವಸ್ಥಾನದವರು ಬಿಡುವ ಕಡೆ ಕಾಲುಚೀಲ ಹಾಕಿಕೊಳ್ಳಿ. ಮನೆಯಲ್ಲಿ ಎಂಸಿಆರ್ ಅನ್ನುವ ಮೆತ್ತನೆಯ ರಬ್ಬರ್ ಚಪ್ಪಲಿ. ರಾತ್ರಿ ಮಲಗುವ ಮುಂಚೆ ಮನೆಯವರೇ ಅಂಗಾಲು ನೋಡಬೇಕು, ವಯಸ್ಸಾದವರಿಗೆ ಬಗ್ಗಿ ನೋಡಲು ಆಗುವುದಿಲ್ಲ.

ನಾಟಿವೈದ್ಯ_ಪ್ರೇಮಿ

ಸಿಸ್ಟರ್ ಹೇಳಿದ್ದು ಓದಿದೆ. ಆದರೂ ಇಷ್ಟು ಮಾತ್ರೆ ತಿಂದು ಕಿಡ್ನಿ ಹಾಳಾಗುತ್ತದೆ ಅನ್ನುವುದನ್ನು ನೀವೇ ಮೇಲೆ ಒಪ್ಪಿದ್ದೀರಲ್ಲ?

ಸಿಸ್ಟರ್_ಹಾಸನ

ಒಪ್ಪಿದ್ದು ನೋವಿನ ಮಾತ್ರೆಯ ಬಗ್ಗೆ ಸರ್. ಕಿಡ್ನಿ ಹಾಳು ಮಾಡುವುದರಲ್ಲಿ ಹಿಡಿತಕ್ಕೆ ಬಾರದ ಶುಗರ್, ಬಿಪಿಯೇ ಮುಂದೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಬೆಡ್ ಮೇಲೆ ಮಲಗಿದ್ದವರನ್ನು ಕೇಳಿದರೆ ಹೆಚ್ಚಿನವರ ಕಥೆ ಅದೇ: "ಆರಾಮಿದ್ದೇನೆ ಅಂತ ಮಾತ್ರೆ ಬಿಟ್ಟೆ." ಬೇಡದ ಮಾತ್ರೆ ತೆಗೆಯಬೇಕು, ಬೇಕಾದ್ದನ್ನು ಬಿಡಬಾರದು. ಇದನ್ನು ಬಿಡಿಸಿ ಹೇಳಬೇಕಾದವರು ಡಾಕ್ಟರ್.

ತಿಪಟೂರು_ಮಗಳು

ಸ್ವಲ್ಪ ದಿನ ಬಿಟ್ಟು ಬಂದಿದ್ದೇನೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಸಿಸ್ಟರ್ ಹೇಳಿದ ಹಾಗೆ ಬಿಪಿ, ಶುಗರ್ ಬರೆದಿಟ್ಟೆವು. ಮಲಗಿದಾಗ 138 ಇದ್ದ ಬಿಪಿ ನಿಂತಾಗ 110. ಬೆಳಗಿನ ಜಾವದ ಶುಗರ್ ಒಂದು ದಿನ 64. ತುಮಕೂರಲ್ಲಿ ಒಬ್ಬ ಹಿರಿಯ ಫಿಸಿಶಿಯನ್ ಸಿಕ್ಕರು. ಚೀಲ ತೆಗೆದು ಮೇಜಿನ ಮೇಲೆ ಸುರಿದೆ. ಅವರು ಒಂದೊಂದನ್ನೇ ಎತ್ತಿ "ಇದು ಯಾಕೆ ಶುರುವಾಯಿತು?" ಅಂತ ಅಮ್ಮನನ್ನೇ ಕೇಳಿದರು. ಅಮ್ಮ ಎಲ್ಲದಕ್ಕೂ ಉತ್ತರ ಕೊಟ್ಟರು! ಯಾವ ಮಾತ್ರೆ ಯಾವ ಹಬ್ಬದ ಹೊತ್ತಿಗೆ ಬಂತು ಅಂತ ನೆನಪಿದೆ ಅವರಿಗೆ.

ಗ್ಲಿಮೆಪಿರೈಡ್ ಅವತ್ತೇ ನಿಂತಿತು. ನೋವಿನ ಮಾತ್ರೆ, ತಲೆಸುತ್ತಿನ ಮಾತ್ರೆಯೂ ನಿಂತವು. ಅಮ್ಲೋಡಿಪಿನ್ 5ಕ್ಕೆ ಇಳಿಯಿತು. ಆಮೇಲೆ ಊತ ಇಳಿದದ್ದು ನೋಡಿ ಟಾರ್ಸೆಮೈಡ್ ತೆಗೆದರು. ಎಲ್ಲವನ್ನೂ ಒಮ್ಮೆಲೇ ಮಾಡಲಿಲ್ಲ, ಒಂದನ್ನು ಬದಲಿಸಿ ಸ್ವಲ್ಪ ದಿನ ನೋಡಿ ಇನ್ನೊಂದು. ಮಂಡಿಗೆ ಪ್ಯಾರಾಸಿಟಮಾಲ್, ಬೇಕಾದಾಗ ಮಾತ್ರ. ಕುರ್ಚಿಯಲ್ಲಿ ಕೂತು ಕಾಲು ನೇರ ಎತ್ತಿ ಹಿಡಿಯುವ ವ್ಯಾಯಾಮ ಫಿಸಿಯೋಥೆರಪಿಯವರು ಹೇಳಿಕೊಟ್ಟರು. ಕ್ರಿಯಾಟಿನಿನ್ ಸ್ವಲ್ಪ ಏರಿತ್ತು, ಈಗ ಇಳಿಯುತ್ತಿದೆ. ಮೆಟ್‌ಫಾರ್ಮಿನ್ ಬಹಳ ವರ್ಷ ತಿಂದವರಿಗೆ ಬಿ12 ಕಡಿಮೆಯಾಗುತ್ತದಂತೆ. ಅಮ್ಮನಿಗೂ ಕಡಿಮೆ ಇತ್ತು, ಅದಕ್ಕೆ ಇಂಜೆಕ್ಷನ್ ನಡೆಯುತ್ತಿದೆ.

ಬಚ್ಚಲುಮನೆಗೆ ಹಿಡಿಕೆ ಹಾಕಿಸಿದೆವು, ಬಾಗಿಲ ಮುಂದಿನ ಜಾರುವ ಮ್ಯಾಟ್ ಎಸೆದೆವು, ರಾತ್ರಿ ಉರಿಯುವ ಸಣ್ಣ ದೀಪ ಇಟ್ಟೆವು. ತಲೆಸುತ್ತು ಬಹಳ ಮಟ್ಟಿಗೆ ಹೋಗಿದೆ.

ಮೇಷ್ಟ್ರೇ, ಅಮ್ಮನನ್ನು ಕೇಳಿದೆ. "ಹಿತ್ತಲಿಗೆ ಹೋಗಿ ನಾನೇ ಹೂವು ಕೀಳಬೇಕು, ಏಕಾದಶಿ ಉಪವಾಸ ಬಿಡಿಸಬೇಡಿ" ಅಂದರು. ಹೂವಿನದು ಆಯಿತು. ಉಪವಾಸದ್ದು ಏನು ಮಾಡಲಿ ಸಿಸ್ಟರ್? ಡಾಕ್ಟರನ್ನು ಕೇಳಲು ಮರೆತು ಬಂದೆ. ಇನ್ನು ನಾಲ್ಕು ದಿನಕ್ಕೆ ಏಕಾದಶಿ.

ಸಾಗರದ_ಮೇಷ್ಟ್ರು

ಓದಿ ಬಹಳ ಸಂತೋಷವಾಯಿತು ಮಗಳೇ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಸಿಸ್ಟರ್_ಹಾಸನ

ನಾಳೆಯೇ ಆ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಕೊನೆಯ ಮಾತು ಅವರದು. ನನಗೆ ಗೊತ್ತಿರುವುದು ಹೇಳುತ್ತೇನೆ. ಬರೀ ಮೆಟ್‌ಫಾರ್ಮಿನ್ ಇದ್ದರೆ ಶುಗರ್ ತೀರಾ ಇಳಿಯುವುದು ಅಪರೂಪ. ಆದರೆ ಕ್ರಿಯಾಟಿನಿನ್ ಏರಿದ್ದವರು, ಟೆಲ್ಮಿಸಾರ್ಟನ್ ತಿನ್ನುವವರು ನೀರು ಬಿಡಬಾರದು. ಆದ್ದರಿಂದ ನಿರ್ಜಲ ಬೇಡವೇ ಬೇಡ. ಹಾಲು, ಮಜ್ಜಿಗೆ, ಹಣ್ಣು ತೆಗೆದುಕೊಂಡು ಮಾಡುವ ಉಪವಾಸಕ್ಕೆ ಅಮ್ಮನನ್ನು ಒಪ್ಪಿಸಿ. ಬಾಳೆಹಣ್ಣು, ಸಬ್ಬಕ್ಕಿ ಜಾಸ್ತಿ ಬೇಡ, ಅದರಿಂದ ಶುಗರ್ ಏರುತ್ತದೆ. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಶುಗರ್ ನೋಡಿ. 70ಕ್ಕಿಂತ ಇಳಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಹಾಗೆ ಇಳಿದರೆ ಅವತ್ತಿಗೆ ಉಪವಾಸ ಮುಗಿಯಿತು ಅಂತ ಅಮ್ಮನ ಹತ್ತಿರ ಮೊದಲೇ ಮಾತು ತೆಗೆದುಕೊಳ್ಳಿ.

ಇದನ್ನು ಓದುವ ಬೇರೆಯವರಿಗೆ: ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಇನ್ಸುಲಿನ್, ಇಲ್ಲವೇ ಡಾಪಾಗ್ಲಿಫ್ಲೋಜಿನ್ ತರಹದ ಶುಗರ್ ಮಾತ್ರೆ ಇರುವವರು ಇದೇ ಲೆಕ್ಕದಲ್ಲಿ ಉಪವಾಸ ಮಾಡಬೇಡಿ. ನಿಮ್ಮ ಲೆಕ್ಕ ಬೇರೆ, ನಿಮ್ಮ ಡಾಕ್ಟರನ್ನು ಕೇಳಿ.